ಕ್ಯಾಬಿನೆಟ್ ದರ್ಜೆಯ ಮೀನುಗಳು

ಎದುರು ಮನೆ ರಾಯರ ಮನೆಯಲ್ಲಿ ಕಸದ ಡಬ್ಬಿ ಇದೆ, ಕಸ ಇಲ್ಲ. ಬೆಳಿಗ್ಗೆ ಪಾಲಿಕೆಯ ಆಟೋ ಹಾಡು ಹಾಕಿಕೊಂಡು ಬಂದಾಗ ಅವರು ಅದಕ್ಕೆ ಹಾಕುವುದಕ್ಕಿಂತ ಅದರಿಂದ ಇಳಿಸಿಕೊಳ್ಳುವುದೇ ಹೆಚ್ಚು. ನಾನು ಎಸೆದ ಟೇಬಲ್ ಫ್ಯಾನು ಹೀಗೇ ಗಾಡಿಯವರೆಗೆ ಹೋಗಿ, ಅಲ್ಲಿಂದ ರಾಯರ ಶೆಡ್ಡಿಗೆ ವರ್ಗವಾಯಿತು. ಅದರ ಮೋಟಾರು ಈಗ ಅವರ ಮನೆಯಲ್ಲಿ ಏನನ್ನೋ ತಿರುಗಿಸುತ್ತಿದೆಯಂತೆ. ಏನನ್ನು ಎಂದು ಕೇಳಿದರೆ ಉತ್ತರಕ್ಕೆ ಮುಕ್ಕಾಲು ಗಂಟೆ ಬೇಕು. ಆದ್ದರಿಂದ ನಾನು ಕೇಳಿಲ್ಲ.

ಬೆಂಗಳೂರಿಗೆ ಈ ತಳಿ ಬಂದದ್ದು ಕಾರ್ಖಾನೆಗಳ ಜೊತೆಗೆ. 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಎಂದು ಒಂದರ ಹಿಂದೊಂದು ಇಲ್ಲಿ ತಳವೂರಿದವಲ್ಲ, ಅವುಗಳ ಸೈರನ್ನಿಗೆ ಎದ್ದು, ಕ್ಯಾಂಟೀನಿನಲ್ಲಿ ಉಂಡು, ಟೂಲ್ ರೂಮಿನಲ್ಲಿ ತಲೆ ನರೆಸಿಕೊಂಡವರು ಇವರು. ಜಾಲಹಳ್ಳಿ, ವಿದ್ಯಾರಣ್ಯಪುರ, ದೂರವಾಣಿನಗರದ ಕಡೆ ಬೀದಿಗೊಬ್ಬರು ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರ್ ಇರುತ್ತದೆ. ಮದುವೆಯಲ್ಲಿ ಎಲ್ಲರೂ ಹೆಣ್ಣು ಗಂಡನ್ನು ನೋಡುತ್ತಿದ್ದರೆ ಇವರು ಶಾಮಿಯಾನದ ವೈರಿಂಗ್ ನೋಡುತ್ತಿರುತ್ತಾರೆ. ಇವರ ಮುಂದೆ ‘ಸುಮಾರು’ ಅನ್ನುವುದೂ ಒಂದೇ, ಕೆಟ್ಟ ಮಾತು ಆಡುವುದೂ ಒಂದೇ.

ರಾಯರ ಮಗ 2003ರಲ್ಲಿ ಇಂಜಿನಿಯರಿಂಗ್ ಸೇರಿದಾಗ ಪಿಎಫ್ ಸಾಲ ತೆಗೆದು, ಎಸ್.ಪಿ. ರೋಡಿನ ಅಂಗಡಿಗಳನ್ನು ಅಲೆದು, ಬಿಡಿ ಸಾಮಾನು ತಂದು ಜೋಡಿಸಿದ ಪೆಂಟಿಯಂ ಫೋರ್ ಕಂಪ್ಯೂಟರ್ ಒಂದು ಅವರ ಮನೆಯಲ್ಲಿತ್ತು. ಮಗ ಅಮೆರಿಕಕ್ಕೆ ಹೋದ. ಕಂಪ್ಯೂಟರು ಮಂಚದ ಕೆಳಗೆ ಹೋಯಿತು. ಗುಡಿಸುವಾಗೆಲ್ಲ ಪೊರಕೆಗೆ ಅಡ್ಡ ಬರುತ್ತದೆಂದು ರಾಯರ ಮನೆಯವರು ಗೊಣಗುತ್ತಿದ್ದರು. ಇ-ತ್ಯಾಜ್ಯಕ್ಕೆಂದೇ 2012ರಿಂದ ದೇಶದಲ್ಲಿ ನಿಯಮ ಇದೆ, ಯಾರಾದರೂ ಅಧಿಕೃತ ಸಂಸ್ಥೆಯವರಿಗೆ ಕೊಟ್ಟುಬಿಡಿ ಸಾರ್ ಎಂದು ನಾನೂ ಒಂದು ಮಾತು ಹೇಳಿದೆ.

“ಮಗನ್ನ ಇಂಜಿನಿಯರ್ ಮಾಡಿದ ಡಬ್ಬ ಸ್ವಾಮಿ ಅದು. ತ್ಯಾಜ್ಯ ಅಂತೀರಲ್ಲ!” ಎಂದರು. ಮರುದಿನವೇ ಅದನ್ನು ಬಿಚ್ಚಿ ಹಾಕಿಕೊಂಡು ಕೂತಿದ್ದರು.

ಕಸದಿಂದ ರಸ ಎಂಬುದನ್ನು ಶಾಲೆಯ ಮಕ್ಕಳು ವರ್ಷಕ್ಕೊಮ್ಮೆ ವಸ್ತುಪ್ರದರ್ಶನಕ್ಕೆ ಮಾಡುತ್ತಾರೆ, ರಾಯರು ದಿನಾ ಮಾಡುತ್ತಾರೆ. ರ‍್ಯಾಮ್ ಪಟ್ಟಿ ಒಂಟಿಕೊಪ್ಪಲ್ ಪಂಚಾಂಗದಲ್ಲಿ ಪುಟದ ಗುರುತಾಯಿತು. ಪ್ರೊಸೆಸರಿನ ಮೇಲಿದ್ದ ಅಲ್ಯೂಮಿನಿಯಂ ಹೀಟ್ ಸಿಂಕು ದೇವರ ಮನೆ ಸೇರಿ, ತನ್ನ ಸಂದಿಗಳಲ್ಲಿ ಊದುಬತ್ತಿ ಹಿಡಿದು ನಿಂತಿತು. ಹಾರ್ಡ್ ಡಿಸ್ಕಿನ ಹೊಟ್ಟೆಯಲ್ಲಿದ್ದ ಕನ್ನಡಿಯಂಥ ತಟ್ಟೆಗಳನ್ನು ಬಾಲ್ಕನಿಯಲ್ಲಿ ದಾರಕ್ಕೆ ಕಟ್ಟಿ ನೇತು ಹಾಕಿದರು, ಪಾರಿವಾಳ ಬರದಿರಲಿ ಎಂದು. ಅದರಲ್ಲೇ ಇದ್ದ ಎರಡು ಆಯಸ್ಕಾಂತಗಳನ್ನು ಮಾತ್ರ, “ಇದಕ್ಕೆ ಬೇರೆ ಕೆಲಸ ಇದೆ” ಎಂದು ಜೇಬಿಗೆ ಹಾಕಿಕೊಂಡರು. ಕೊನೆಗೆ ಉಳಿದದ್ದು ಬರೀ ತಗಡಿನ ಕ್ಯಾಬಿನೆಟ್. ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಮೀನಿನ ತೊಟ್ಟಿ” ಎಂದು ತೀರ್ಪು ಕೊಟ್ಟರು.

ಸಂದಿಗಳಿಗೆಲ್ಲ ಅಂಟು ಬಳಿದು ನೀರು ತುಂಬಿಸಿದರಾಯಿತಲ್ಲ ಎಂದ ಪಕ್ಕದ ಮನೆಯ ಸಾಫ್ಟ್‌ವೇರ್ ಹುಡುಗನಿಗೆ ಆ ಸಂಜೆ ಆದ ಪಾಠ ಇಡೀ ಬೀದಿಗೆ ಕೇಳಿಸಿತು. ಆ ತಗಡಿಗೆ ಸತುವಿನ ಲೇಪನ ಇರುತ್ತದೆ, ಸತುವು ನೀರಿಗಿಳಿದರೆ ಮೀನು ಉಳಿಯುವುದಿಲ್ಲ. ಒಳಗೆ ಗಾಜಿನದೇ ಬೇರೆ ತೊಟ್ಟಿ ಕೂರಬೇಕು, ಕ್ಯಾಬಿನೆಟ್ ಅದಕ್ಕೆ ಅಂಗಿ ಅಷ್ಟೆ. ನೀರು ಹಿಡಿಯುವುದು 26 ಲೀಟರ್, ಅಂದರೆ ನೀರೇ 26 ಕಿಲೋ, ಮೇಲೆ ಗಾಜು, ಮರಳು, ತಗಡು. “ನಿನ್ನ ಆ ಹೊಟ್ಟಿನ ಹಲಗೆ ಕಂಪ್ಯೂಟರ್ ಟೇಬಲ್ ತಡೆಯುತ್ತೇನಯ್ಯಾ?” ತಡೆಯುವ ವಸ್ತು ಮನೆಯಲ್ಲಿ ಇದ್ದದ್ದು ಒಂದೇ, ಹೊಲಿಗೆ ಯಂತ್ರದ ಕಬ್ಬಿಣದ ಸ್ಟ್ಯಾಂಡು. ಅದರ ಮೇಲೆ ಹೊಲಿಗೆ ಯಂತ್ರ ಇತ್ತು. ಅದು ಅಲ್ಲಿಂದ ಕೆಳಗಿಳಿದ ಬಗೆಯನ್ನು ನಾನು ಬರೆಯಲಾರೆ, ಗಂಡ ಹೆಂಡತಿ ಇಬ್ಬರೂ ನನಗೆ ಬೇಕು.

ಗಾಜಿನಂಗಡಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ವರ್ನಿಯರ್ ಹಿಡಿದು ಅಳೆದ ಲೆಕ್ಕ ಚೀಟಿಯಲ್ಲಿತ್ತು. ಉದ್ದ 412.6 ಮಿಲಿಮೀಟರ್. ಅಂಗಡಿಯವನು ಚೀಟಿಯನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ, ಇಂಚಿನ ಟೇಪು ಎಳೆದು ಕಣ್ಣು ಕಿರಿದು ಮಾಡಿದ.

“ಹದಿನಾರೂಕಾಲು ಇಂಚು ಹಾಕ್ಲಾ ಸಾರ್?”

ರಾಯರು ಒಂದು ಗಳಿಗೆ ಮಾತಾಡಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು.

“ಪಾಯಿಂಟ್ ಒಂದೈದು ಮಿಲಿಮೀಟರ್ ಜಾಸ್ತಿ ಆಗುತ್ತಲ್ರೀ!”

“ಸಾರ್, ನನ್ನ ವಜ್ರದ ಗೀಟೇ ಅದಕ್ಕಿಂತ ದಪ್ಪ ಇರುತ್ತೆ.”

ಆ ಅಂಗಡಿಯಿಂದ ಎದ್ದು, ಇನ್ನೊಂದಕ್ಕೆ ಹೋಗಿ, ಅಲ್ಲಿಂದಲೂ ಎದ್ದು, ಮತ್ತೆ ಮೊದಲಿನ ಅಂಗಡಿಗೇ ಬಂದೆವು. ಆ ಹೊತ್ತಿಗೆ ಅವನು ಹದಿನಾರೂಕಾಲು ಇಂಚು ಕತ್ತರಿಸಿಯೇ ಇಟ್ಟಿದ್ದ. ಗಿರಾಕಿಯ ತಳಿ ಅವನಿಗೂ ಗೊತ್ತಿತ್ತು ಎಂದು ಕಾಣುತ್ತದೆ. ಉಳಿದ ಪಾಯಿಂಟ್ ಒಂದೈದನ್ನು ರಾಯರು ಮನೆಯಲ್ಲಿ ಉಪ್ಪುಕಾಗದ ಹಿಡಿದು, ನೀರು ಚಿಮುಕಿಸಿಕೊಂಡು, ಉಜ್ಜಿ ತೆಗೆದರು.

ಗಾಜು ಅಂಟಿಸುವ ಸಿಲಿಕೋನಿನಲ್ಲೂ ಜಾತಿ ಉಂಟು. ಬಚ್ಚಲಿಗೆ ಬಳಿಯುವ, ಬೂಷ್ಟು ಹಿಡಿಯದ ಸಿಲಿಕೋನು ಇಲ್ಲಿಗೆ ಆಗದು, ಬೂಷ್ಟನ್ನು ಕೊಲ್ಲುವ ಔಷಧ ಮೀನನ್ನೂ ಬಿಡುವುದಿಲ್ಲ. ಬೇಕಾದದ್ದು ಶುದ್ಧ ಸಿಲಿಕೋನು, ಒಣಗುವಾಗ ಅಸಿಟಿಕ್ ಆಮ್ಲ ಬಿಡುವಂಥದ್ದು. ಅದು ಒಣಗುವಷ್ಟು ದಿನವೂ ರಾಯರ ಮನೆಯೊಳಗೆ ಕಾಲಿಟ್ಟರೆ ಗೋಬಿ ಮಂಚೂರಿ ಗಾಡಿಯ ಪಕ್ಕ ನಿಂತಂತಿತ್ತು. ಅಂತೂ ತೊಟ್ಟಿ ಸೋರಲಿಲ್ಲ. ಪವರ್ ಬಟನ್ ಒತ್ತಿದರೆ ದೀಪ, ರೀಸೆಟ್ ಒತ್ತಿದರೆ ಗಾಳಿಯ ಪಂಪು, ಫ್ಲಾಪಿ ಹಾಕುವ ಕಂಡಿಯಿಂದ ಮೀನಿಗೆ ಊಟ. ಆ ಎರಡು ಆಯಸ್ಕಾಂತಗಳು ರಬ್ಬರಿನ ಹೊದಿಕೆ ಹೊದ್ದು ಗಾಜಿನ ಆಚೆಗೊಂದು ಈಚೆಗೊಂದು ಕೂತವು. ಹೊರಗಿನದನ್ನು ಎಳೆದರೆ ಒಳಗಿನದು ಹಿಂಬಾಲಿಸಿ ಪಾಚಿ ಉಜ್ಜುತ್ತದೆ. ಇದನ್ನು ನಾನು ಮನಸಾರೆ ಮೆಚ್ಚಿದೆ, ಈಗಲೂ ಮೆಚ್ಚುತ್ತೇನೆ.

ಆದರೆ ಮೀನು ಇಲ್ಲ. ಬಂದವರಿಗೆಲ್ಲ ರಾಯರು ಖಾಲಿ ನೀರು ತೋರಿಸುತ್ತಿದ್ದರು. ಮೀನಿನ ಹೊಲಸಿನಿಂದ ಅಮೋನಿಯ, ಅದನ್ನು ನೈಟ್ರೈಟ್ ಮಾಡುವುದಕ್ಕೆ ಒಂದು ಬ್ಯಾಕ್ಟೀರಿಯಾ, ನೈಟ್ರೈಟನ್ನು ನೈಟ್ರೇಟ್ ಮಾಡುವುದಕ್ಕೆ ಇನ್ನೊಂದು, ಇವೆಲ್ಲ ಬೇರೂರಲು ನಾಲ್ಕೈದು ವಾರ. “ರಾಯರು ಬ್ಯಾಕ್ಟೀರಿಯಾ ಸಾಕ್ತಿದ್ದಾರಂತೆ” ಎಂಬ ಸುದ್ದಿ ಹರಡಿ, ಕಾಫಿಗೆ ಬರುವವರ ಸಂಖ್ಯೆ ಇಳಿಯಿತು.

ಇದೇ ಅವಧಿಯಲ್ಲಿ ಸಾಫ್ಟ್‌ವೇರ್ ಹುಡುಗ ಹಳೆಯ ಪಾಠದ ಸೇಡು ತೀರಿಸಿಕೊಂಡ. ಅಮೆರಿಕದ ಆ್ಯಂಡಿ ಇನಾಟ್ಕೊ ಎಂಬ ಬರಹಗಾರ 90ರ ದಶಕದ ಆರಂಭದಲ್ಲೇ ಹಳೇ ಮ್ಯಾಕಿಂಟಾಷ್ ಡಬ್ಬವನ್ನು ಮೀನಿನ ತೊಟ್ಟಿ ಮಾಡುವುದು ಹೇಗೆಂದು ಬರೆದಿದ್ದಾನೆ ಅಂಕಲ್, ಅದಕ್ಕೆ ಮ್ಯಾಕ್ವೇರಿಯಂ ಅಂತ ಹೆಸರೂ ಇದೆ ಎಂದ. ರಾಯರು ಫೋಟೋ ತರಿಸಿಕೊಂಡು ಕನ್ನಡಕ ಏರಿಸಿ ನೋಡಿದರು.

“ಅವನಿಗೇನಪ್ಪ, ಪರದೆ ಇದ್ದ ಜಾಗದಲ್ಲಿ ಕಿಟಕಿ ಮೊದಲೇ ಇತ್ತು. ನಾನು ತಗಡು ಕೊಯ್ದಿದೀನಿ.”

ಕೊನೆಗೆ ಗಪ್ಪಿಗಳು ಬಂದವು. ಗೋಲ್ಡ್ ಫಿಷ್ ಈ ಅಳತೆಯ ನೀರನ್ನು ಬೇಗ ಕೆಡಿಸುತ್ತದೆ, ಗಪ್ಪಿಯಾದರೆ ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೂ ಒಗ್ಗುತ್ತದೆ. ಸೊಳ್ಳೆಯ ಮರಿ ತಿನ್ನಲಿ ಎಂದು ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವುದೂ ಇದನ್ನೇ. ಮೊಟ್ಟೆಯ ರಗಳೆ ಇಲ್ಲ, ನೇರ ಮರಿಯನ್ನೇ ಹಾಕುತ್ತದೆ, ಹೆಚ್ಚು ಕಡಿಮೆ ತಿಂಗಳಿಗೊಂದು ಸಲ. ಹೆತ್ತ ತಾಯಿಯೇ ಮರಿಗಳನ್ನು ನುಂಗುವುದೂ ಉಂಟು. ಅದಕ್ಕೆ ರಾಯರು ಸಿಡಿ ಜೋಡಿಸಿಡುವ ಪ್ಲಾಸ್ಟಿಕ್ ಡಬ್ಬಿಗೆ ತೂತು ಕೊರೆದು ನೀರೊಳಗೆ ತೇಲಿಬಿಟ್ಟು, ಬಾಣಂತಿ ಕೋಣೆ ಮಾಡಿದರು. ಫಲವಾಗಿ ಬೀದಿಯ ಪ್ರತಿ ಮನೆಗೂ ಹಾರ್ಲಿಕ್ಸ್ ಬಾಟಲಿಯಲ್ಲಿ ಗಪ್ಪಿ ಬಂತು. ನಮ್ಮ ಮನೆಗೆ ಎರಡು ಸಲ ಬಂತು.

ಕರೆಂಟು ಹೋದರೆ ಪಂಪು ನಿಲ್ಲಬಾರದೆಂದು ಆ ಕಂಪ್ಯೂಟರಿನ ಯುಪಿಎಸ್‌ಗೆ ಹೊಸ ಬ್ಯಾಟರಿ ಬಿತ್ತು. ಮೊನ್ನೆ ಬೀದಿಗೆ ಬೀದಿಯೇ ಕತ್ತಲಾದಾಗ ಅದು ಕುಯ್ ಕುಯ್ ಎನ್ನುತ್ತಿತ್ತು, ರಾಯರ ಮನೆಯವರು ಮೀನಿನ ಬೆಳಕಿನಲ್ಲಿ ಹುರುಳಿಕಾಯಿ ಸೋಸುತ್ತಿದ್ದರು. ಹಾಲಿನ ಲೆಕ್ಕದ ಡೈರಿಯ ಹಿಂದಿನ ಪುಟ ತೆಗೆದು ನನಗೆ ತೋರಿಸಿದರು. ಗಾಜು, ಸಿಲಿಕೋನು, ಗರಗಸದ ಬ್ಲೇಡು, ಪಂಪು, ಬ್ಯಾಟರಿ, ಎಸ್.ಪಿ. ರೋಡಿಗೆ ಆಟೋ, ಮತ್ತೆ ಆಟೋ. “ಈ ದುಡ್ಡಿಗೆ ರೆಡಿಮೇಡ್ ತೊಟ್ಟಿ ಎರಡು ಬರ್ತಿತ್ತು, ಮೀನಿನ ಸಮೇತ.”

“ಕ್ಯಾಬಿನೆಟ್ ಪುಕ್ಕಟೆ ಸಿಕ್ತಲ್ಲ, ಅದನ್ನ ಯಾಕೆ ಬರ್ಕೊಂಡಿಲ್ಲ?” ಎಂದು ಕತ್ತಲಿಂದ ರಾಯರ ದನಿ ಬಂತು.

ಭಾನುವಾರ ಅಮೆರಿಕದಿಂದ ವಿಡಿಯೊ ಕಾಲ್. ರಾಯರು ಫೋನು ಹಿಡಿದು ತೊಟ್ಟಿಯ ಸುತ್ತ ಪ್ರದಕ್ಷಿಣೆ ಹಾಕಿ, ಬಟನ್ ಒತ್ತಿ ತೋರಿಸಿ, ಆಯಸ್ಕಾಂತ ಎಳೆದು ತೋರಿಸಿದರು. ಮಗ ನಗುತ್ತಿದ್ದವನು ಥಟ್ಟನೆ ನಿಲ್ಲಿಸಿದ.

“ಅಪ್ಪ, ಆ ಮ್ಯಾಗ್ನೆಟ್ ಎಲ್ಲಿಂದ ತೆಗೆದಿದ್ದು? ನನ್ನ ಕಾಲೇಜಿನ ಫೋಟೋ ಎಲ್ಲ ಆ ಹಾರ್ಡ್ ಡಿಸ್ಕಲ್ಲೇ ಇತ್ತು. ಕಾಪಿ ಮಾಡಿಟ್ಕೊಂಡಿದೀರಾ?”

ರಾಯರಿಗೆ ಆಗಲೇ ನೀರಿನ ಉಷ್ಣಾಂಶ ನೋಡುವ ಕೆಲಸ ಬಂತು. ಫೋನು ಕೈ ಬದಲಾಯಿಸಿತು.

“ಎಲ್ಲೂ ಹೋಗಿಲ್ಲ ಕಣೋ,” ಎಂದರು ತಾಯಿ. “ಬಾಲ್ಕನೀಲಿ ಪಾರಿವಾಳ ಓಡಿಸ್ತಾ ಇದೆ.”