ಅಲ್ಪವ್ಯಯ ಚಿತ್ರತಾಣ ಮೀಮಾಂಸೆ

ಗೋಡೆ ಸಾಲದೆ ಹೋದ ಚಿತ್ರಗಳು ಕೊನೆಗೆ ಸೇರುವ ಜಾಲತಾಣವೇ ಚಿತ್ರತಾಣ. ಅದನ್ನು ಕಟ್ಟಲು ಅರ್ಹರಾದವರು ಚಿತ್ರ ಬರೆಯುತ್ತಿರಬೇಕು, ಅದಕ್ಕಾಗಿ ದುಡ್ಡು ಬಿಚ್ಚಲು ಮನಸ್ಸಿಲ್ಲದಿರಬೇಕು, ‘ನಿಮ್ಮ ಪೇಂಟಿಂಗ್ಸ್ ಎಲ್ಲಿ ನೋಡಬಹುದು?’ ಎಂದು ಒಮ್ಮೆಯಾದರೂ ಕೇಳಿಸಿಕೊಂಡಿರಬೇಕು. ಮ್ಯಾಂಚೆಸ್ಟರಿನ ದಕ್ಷಿಣಕ್ಕೆ, ಮರ್ಸಿ ನದಿಯ ಮಗ್ಗುಲಿನ ಡಿಡ್ಸ್‌ಬರಿಯಲ್ಲಿ ಸಂಸಾರ ಹೂಡಿ ಮೈಸೂರು ಶೈಲಿಯಲ್ಲಿ ಬರೆಯುವ ಕನ್ನಡತಿಯಲ್ಲಿ ಈ ಮೂರೂ ಲಕ್ಷಣಗಳು ಕೂಡಿರುವುದರಿಂದ, ಈ ಶಾಸ್ತ್ರಕ್ಕೆ ಅವರೇ ಉದಾಹರಣೆ. ಅವರ ಹಜಾರ, ಮೆಟ್ಟಿಲ ಪಕ್ಕದ ಗೋಡೆ, ಬಾಯ್ಲರ್ ಕಪಾಟಿನ ಬಾಗಿಲು ಈಗಾಗಲೇ ಭರ್ತಿ.

ಸ್ಥಳಪುರಾಣವಿಲ್ಲದೆ ಯಾವ ಶಾಸ್ತ್ರವೂ ಊರ್ಜಿತವಾಗದು. ಡಿಡ್ಸ್‌ಬರಿಯ ವಿಲ್ಮ್‌ಸ್ಲೋ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ವಿದಿಂಗ್ಟನ್, ಫ್ಯಾಲೋಫೀಲ್ಡ್, ರಶೋಮ್ ದಾಟಿ ಆಕ್ಸ್‌ಫರ್ಡ್ ರಸ್ತೆಯ ವಿಶ್ವವಿದ್ಯಾಲಯದ ಮುಂದೆ ಇಳಿಯಬಹುದು. 1948ರ ಜೂನ್ 21ರಂದು ‘ಬೇಬಿ’ ಎಂಬ ಯಂತ್ರ ತನ್ನದೇ ನೆನಪಿನಲ್ಲಿಟ್ಟುಕೊಂಡ ಪ್ರೋಗ್ರಾಮನ್ನು ಓಡಿಸಿದ್ದು ಆ ವಿಶ್ವವಿದ್ಯಾಲಯದಲ್ಲೇ. ಅದರ ಸಂತತಿಯಾದ ಫೆರಾಂಟಿ ಮಾರ್ಕ್ 1 ಯಂತ್ರಕ್ಕೆ ಪ್ರೋಗ್ರಾಂ ಬರೆದವರಲ್ಲಿ ಮೇರಿ ಲೀ ವುಡ್ಸ್ ಒಬ್ಬರು. ಹೆಂಗಸರಿಗೂ ಗಂಡಸರಷ್ಟೇ ಸಂಬಳ ಕೊಡಿ ಎಂದು ಫೆರಾಂಟಿ ಕಂಪನಿಯೊಂದಿಗೆ ವಾದಕ್ಕಿಳಿದು ಗೆದ್ದ ಗಟ್ಟಿಗಿತ್ತಿ. ಅವರ ಮಗ ಟಿಮ್ ಬರ್ನರ್ಸ್-ಲೀ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಕುಳಿತು ವರ್ಲ್ಡ್ ವೈಡ್ ವೆಬ್ ಕಟ್ಟಿದರು. ಹೀಗಾಗಿ ಮ್ಯಾಂಚೆಸ್ಟರ್ ವೆಬ್ಬಿಗೆ ಅಜ್ಜಿ ಮನೆ ಎಂಬುದು ಸಿದ್ಧವಾಯಿತು. ಅಜ್ಜಿ ಮನೆಯಲ್ಲಿ ಎಲ್ಲವೂ ಪುಕ್ಕಟೆ ಸಿಗಬೇಕೆಂಬ ನಿರೀಕ್ಷೆ ಡಿಡ್ಸ್‌ಬರಿಯಲ್ಲಿ ಬಲವಾಗಿರುವುದಕ್ಕೆ ಇದೇ ಕಾರಣವಿರಬೇಕು.

ಮೊದಲ ಸಂಸ್ಕಾರ ನಾಮಕರಣ. ಡಾಟ್ ಯುಕೆ ವಿಳಾಸಗಳ ಉಸ್ತುವಾರಿ ನಾಮಿನೆಟ್ ಸಂಸ್ಥೆಯದು. 2014ರ ಜೂನಿನಿಂದ ನಡುವೆ ‘ಕೋ’ ಎಂಬ ಕೊಂಡಿಯಿಲ್ಲದೆ ನೇರವಾಗಿ ಡಾಟ್ ಯುಕೆ ಹೆಸರನ್ನೇ ಪಡೆಯಬಹುದು. ಖರ್ಚು ವರ್ಷಕ್ಕೆ ಹತ್ತು ಪೌಂಡಿನ ಆಸುಪಾಸು, ಅಂದರೆ ಡಿಡ್ಸ್‌ಬರಿಯ ಬರ್ಟನ್ ರಸ್ತೆಯಲ್ಲಿ ಇಬ್ಬರು ಕೂತು ಕಾಫಿ ಕುಡಿದಷ್ಟು. ಡಾಟಿಗೆ ಮುಂಚಿನ ಭಾಗದಲ್ಲಿ 63 ಅಕ್ಷರಗಳವರೆಗೆ ಅವಕಾಶವಿದೆ. ಊರಿನ ಹೆಸರು, ತಂದೆಯ ಹೆಸರು, ಸ್ವಂತ ಹೆಸರು, ಗಂಡನ ಮನೆತನ ಎಲ್ಲ ಸೇರಿಸಿದರೂ ಜಾಗ ಮಿಗುತ್ತದೆ. ಬ್ರಿಟನ್ನಿನಲ್ಲಿ ಕನ್ನಡಿಗರ ಪೂರ್ತಿ ಹೆಸರು ಹಿಡಿಸುವ ಅರ್ಜಿ ಬಹುಶಃ ಇದೊಂದೇ.

ತಾಣವನ್ನು ಎಲ್ಲಿ ಇರಿಸಬೇಕೆಂಬಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. ಉಚಿತವಾದಿಗಳು ಬಿಟ್ಟಿ ಯೋಜನೆಯನ್ನು ಹಿಡಿಯುತ್ತಾರೆ. ಅಲ್ಲಿ ವಿಳಾಸದ ಬಾಲದಲ್ಲಿ ಕಂಪನಿಯ ಹೆಸರು ನೇತಾಡುತ್ತದೆ, ಗಜಲಕ್ಷ್ಮಿಯ ಪಾದದಡಿ ಸೋಫಾ ಜಾಹೀರಾತು ಪ್ರತ್ಯಕ್ಷವಾದರೂ ಪ್ರಶ್ನಿಸುವಂತಿಲ್ಲ. ಬಾಡಿಗೆವಾದಿಗಳು ವಿಕ್ಸ್, ಸ್ಕ್ವೇರ್‌ಸ್ಪೇಸ್ ಮುಂತಾದ ಸಿದ್ಧ ಮನೆಗಳಿಗೆ ತಿಂಗಳು ತಿಂಗಳು ತೆರುತ್ತಾರೆ. ಈ ಸೀಮೆಯ ಮಹಾಕಲಾವಿದ ಎಲ್. ಎಸ್. ಲೌರಿ 1952ರಲ್ಲಿ ನಿವೃತ್ತರಾಗುವವರೆಗೆ ಮ್ಯಾಂಚೆಸ್ಟರಿನ ಬೀದಿಬೀದಿ ಅಲೆದು ಬಾಡಿಗೆ ವಸೂಲಿ ಮಾಡುತ್ತಿದ್ದರು, ಕೆಲಸ ಮುಗಿದ ಮೇಲೆ ಚಿತ್ರ ಬರೆಯುತ್ತಿದ್ದರು. ಆಗ ಕಲಾವಿದ ಬಾಡಿಗೆ ಎತ್ತುತ್ತಿದ್ದ, ಈಗ ಕಲಾವಿದರಿಂದ ಎತ್ತುತ್ತಾರೆ. ಇದನ್ನು ಪ್ರಗತಿ ಎನ್ನಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿ ಅಪ್ರಸ್ತುತ. ಮೂರನೆಯದು ಸ್ಥಿರಪುಟವಾದ: ಡೇಟಾಬೇಸಿನ ಗೊಡವೆಯಿಲ್ಲದ ನಾಲ್ಕು ಸಾದಾ ಪುಟಗಳನ್ನು ಬರೆದು ಗಿಟ್‌ಹಬ್ ಪೇಜಸ್‌ನಂಥ ಕಡೆ ಬಿಟ್ಟಿಯಾಗಿ ಇರಿಸುವುದು. ಇಪ್ಪತ್ತು ಮೂವತ್ತು ಚಿತ್ರಗಳಿಗೆ ಇದಕ್ಕಿಂತ ಅಗ್ಗವೂ ಗಟ್ಟಿಯೂ ಆದ ದಾರಿಯಿಲ್ಲ. ದೋಷವೆಂದರೆ ಅದನ್ನು ಬರೆಯಲು ಯಾರಾದರೂ ಬೇಕು. ಇಲ್ಲಿಂದಲೇ ನಾಲ್ಕನೆಯ ಪಂಥವಾದ ಸೋದರಳಿಯವಾದ ಹುಟ್ಟಿತು. ಸೋದರಳಿಯ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದು, ‘ವೀಕೆಂಡ್ ಮಾಡ್ಕೊಡ್ತೀನಿ ಅತ್ತೆ, ಏನ್ ಮಹಾ’ ಎಂದಿರುತ್ತಾನೆ. ಬೇಸಿಗೆಯಲ್ಲಿ ಅವನ ಗಡಿಯಾರ ನಾಲ್ಕೂವರೆ ಗಂಟೆ ಮುಂದು, ಚಳಿಗಾಲದಲ್ಲಿ ಐದೂವರೆ. ಅವನ ವೀಕೆಂಡ್ ಮಾತ್ರ ಯಾವ ಋತುವಿನಲ್ಲೂ ಅತ್ತೆಯ ವೀಕೆಂಡಿಗೆ ತಾಳೆಯಾದ ದಾಖಲೆಯಿಲ್ಲ.

ಇಷ್ಟೆಲ್ಲ ಪೂರ್ವಪಕ್ಷ. ಸಿದ್ಧಾಂತವೇನೆಂದರೆ, ತಾಣದ ಬೆಲೆ ಇರುವುದು ತಾಣದಲ್ಲಲ್ಲ, ಫೋಟೊದಲ್ಲಿ. ಮೈಸೂರು ಶೈಲಿಯಲ್ಲಿ ಒಡವೆ, ಕಿರೀಟ, ಪ್ರಭಾವಳಿಗಳನ್ನು ಗೆಸ್ಸೊ ಲೇಪದಿಂದ ತುಸುವೇ ಉಬ್ಬಿಸಿ, ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ತಂಜಾವೂರಿನವರಷ್ಟು ಎತ್ತರಕ್ಕೆ ಉಬ್ಬಿಸುವುದಿಲ್ಲ. ಮೊಬೈಲಿನ ಫ್ಲ್ಯಾಶ್ ಹೊಡೆದರೆ ದೇವಿಯ ಎದೆಯ ಮೇಲೊಂದು ಬಿಳಿ ಚುಕ್ಕೆ ಉರಿಯುತ್ತದೆ, ಮಿಕ್ಕ ಚಿನ್ನ ಕಂದಾಗಿ ಕಾಣುತ್ತದೆ. ಚಿನ್ನ ಎದುರಿಗಿದ್ದುದನ್ನೇ ತೋರಿಸುತ್ತದೆ. ಎದುರಿಗೆ ಕತ್ತಲ ಕೋಣೆಯಿದ್ದರೆ ಕತ್ತಲನ್ನು, ಕೆಂಪು ಸ್ವೆಟರ್ ತೊಟ್ಟು ಫೋಟೊ ತೆಗೆಯುವವರಿದ್ದರೆ ಸ್ವೆಟರನ್ನು. ಆದ್ದರಿಂದ ಚಿತ್ರವನ್ನು ಕಿಟಕಿಯ ಪಕ್ಕ ನಿಲ್ಲಿಸಿ, ಬೆಳಕು ಓರೆಯಾಗಿ ಬಿದ್ದು ಉಬ್ಬುಗೆಲಸ ಎದ್ದು ಕಾಣುವಂತೆ ಮಾಡಿ, ಎದುರಿಗೆ ಅಗಲವಾದ ಬಿಳಿ ಬಟ್ಟೆ ಹಿಡಿಯಬೇಕು. ಯಜಮಾನರ ಮದುವೆಯ ಪಂಚೆ ಇದಕ್ಕೆ ಪ್ರಶಸ್ತ. ಜರಿಯಂಚನ್ನು ಮಡಚಿಕೊಳ್ಳತಕ್ಕದ್ದು.

ಬೆಳಕಿನ ವಿಷಯದಲ್ಲಿ ಡಿಡ್ಸ್‌ಬರಿ ಪುಣ್ಯಕ್ಷೇತ್ರ. ನೇರ ಬಿಸಿಲು ಬೀಳದ ಉತ್ತರದ ಕಿಟಕಿಯನ್ನು ಯುರೋಪಿನ ಚಿತ್ರಕಾರರು ಹುಡುಕಿಕೊಂಡು ಹೋಗುತ್ತಿದ್ದರು. ಮ್ಯಾಂಚೆಸ್ಟರಿನ ಮೋಡದ ಕೃಪೆಯಿಂದ ಇಲ್ಲಿ ನಾಲ್ಕು ದಿಕ್ಕಿನ ಕಿಟಕಿಗಳೂ ಉತ್ತರದವೇ. ಸ್ಟುಡಿಯೊದವರು ದುಡ್ಡು ಕೊಟ್ಟು ತರಿಸುವ ಮೆತ್ತನೆಯ ಬೆಳಕನ್ನು ಆಕಾಶ ವರ್ಷದ ಬಹುಪಾಲು ಧರ್ಮಾರ್ಥವಾಗಿ ಕೊಡುತ್ತದೆ. ಕೋಣೆಯ ಹಳದಿ ದೀಪ ಆರಿಸುವುದನ್ನು ಮರೆತರೆ ಮಾತ್ರ ಕೃಷ್ಣ ಹಸಿರಾಗುತ್ತಾನೆ. ಕ್ಯಾಮೆರಾ ಚಿತ್ರದ ನಡುಮಟ್ಟದಲ್ಲಿ, ಚಿತ್ರಕ್ಕೆ ಸಮಾನಾಂತರವಾಗಿರಬೇಕು. ಮೇಲಿನಿಂದ ಬಗ್ಗಿ ತೆಗೆದರೆ ಚೌಕಟ್ಟು ಮೊರದ ಆಕಾರ ತಾಳುತ್ತದೆ.

ಕಡತಶುದ್ಧಿಯ ವಿಷಯ ಚಿಕ್ಕದು. ಉದ್ದನೆಯ ಬದಿ 2000 ಪಿಕ್ಸೆಲ್ ಮೀರದಂತೆ ಕುಗ್ಗಿಸಿ, ಎಸ್‌ಆರ್‌ಜಿಬಿ ವರ್ಣಪಟ್ಟಿಯಲ್ಲಿ ಜೆಪೆಗ್ ಮಾಡಿ ಉಳಿಸಿದರೆ ಸಾಕು. ಮೊಬೈಲ್ ಫೋಟೊದೊಳಗೆ ಮನೆಯ ಅಕ್ಷಾಂಶ ರೇಖಾಂಶ ಅಡಗಿರುವ ಸಂಭವವಿದೆ, ಅಳಿಸಬೇಕು. ಇಲ್ಲವಾದರೆ ಚಿನ್ನದ ಚಿತ್ರಗಳ ಜೊತೆಗೆ ಅವು ಇರುವ ಮನೆಯನ್ನೂ ಪ್ರದರ್ಶನಕ್ಕಿಟ್ಟಂತಾಗುತ್ತದೆ. ‘ಕಲಾವಿದೆಯ ಪರಿಚಯ’ ಎಂಬ ಪುಟವನ್ನು ಯಾರೂ ಓದುವುದಿಲ್ಲವಾದ್ದರಿಂದ ಎಷ್ಟು ಉದ್ದವಾದರೂ ಬರೆಯಬಹುದು.

ಬೆಲೆ ನಮೂದಿಸುವುದೇ ಪರಮಕಷ್ಟ. ಚಿತ್ರಕಲಾ ಪರಿಷತ್ತು 2003ರಿಂದ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ಗಿರಾಕಿಯ ಮುಖ ನೋಡಿ ಬೆಲೆ ಹೇಳಬಹುದು, ಇಳಿಸಬಹುದು, ಮುನಿಸಿಕೊಳ್ಳಬಹುದು. ತಾಣದಲ್ಲಿ ಗಿರಾಕಿಗೆ ಮುಖವಿಲ್ಲ. ಬೆಲೆ ಬರೆದರೆ ಯುಗಾದಿ ಕೂಟದಲ್ಲಿ ‘ಅಷ್ಟೊಂದಾ?’ ಎನ್ನುತ್ತಾರೆ, ‘ಬೆಲೆಗೆ ಸಂಪರ್ಕಿಸಿ’ ಎಂದು ಬರೆದರೆ ಗೃಹಪ್ರವೇಶಕ್ಕೆ ಉಡುಗೊರೆ ಎಂದುಕೊಂಡು ಸಂಪರ್ಕಿಸುತ್ತಾರೆ. ಹೀಗಾಗಿ ಅಂಕಿಯನ್ನೇ ಬರೆಯುವುದು ವಿಹಿತ. ಆನ್‌ಲೈನಿನಲ್ಲಿ ಕೊಂಡವರಿಗೆ, ಹೇಳಿ ಬರೆಸಿದ ಚಿತ್ರವಲ್ಲದಿದ್ದರೆ, ಕೈಸೇರಿದ 14 ದಿನಗಳೊಳಗೆ ಖರೀದಿ ರದ್ದು ಮಾಡುವ ಹಕ್ಕನ್ನು ಬ್ರಿಟಿಷ್ ಕಾನೂನು ಕೊಟ್ಟಿದೆ. ನವರಾತ್ರಿಗೆ ಮುಂಚೆ ಬರುವ ಆರ್ಡರುಗಳನ್ನು ಈ ದೃಷ್ಟಿಯಿಂದ ಪರಾಮರ್ಶಿಸಬೇಕು. ವರ್ಷಕ್ಕೆ 1000 ಪೌಂಡಿನವರೆಗಿನ ವ್ಯಾಪಾರದ ಆದಾಯಕ್ಕೆ ತೆರಿಗೆ ವಿನಾಯಿತಿ ಇದೆ. ಚಿತ್ರತಾಣದ ಮೊದಲ ವರ್ಷದಲ್ಲಿ ಈ ಮಿತಿ ಯಾರ ನಿದ್ದೆಯನ್ನೂ ಕೆಡಿಸದು.

ಕಡೆಯದು ಸ್ವಾಮ್ಯ. ವಿಳಾಸವನ್ನು ಕಲಾವಿದೆಯ ಹೆಸರಲ್ಲೇ, ಕಲಾವಿದೆಯ ಇಮೇಲಿನಿಂದಲೇ ನೋಂದಾಯಿಸಬೇಕು. ಸೋದರಳಿಯವಾದದಲ್ಲಿ ಅದು ಅವನ ಇಂಜಿನಿಯರಿಂಗ್ ಕಾಲೇಜಿನ ಇಮೇಲಿನಲ್ಲಿ ನೋಂದಣಿಯಾಗಿರುತ್ತದೆ, ನವೀಕರಣದ ನೆನಪೋಲೆಗಳೆಲ್ಲ ಅಲ್ಲಿಗೇ ಹೋಗುತ್ತವೆ, ಪಾಸ್‌ವರ್ಡ್ ಅವನಿಗೂ ಮರೆತಿರುತ್ತದೆ. ಅದನ್ನು ಕೇಳಲು ಫೋನ್ ಮಾಡಿದಾಗ ಅವನ ಮದುವೆ ಗೊತ್ತಾಗಿರುತ್ತದೆ, ಉಡುಗೊರೆಯಾಗಿ ಯಾವ ಪೇಂಟಿಂಗ್ ಎಂಬುದನ್ನೂ ಅವನು ಆರಿಸಿರುತ್ತಾನೆ.