ಸೆಗಣಿಯಲ್ಲೊಬ್ಬ ಶಾರ್ಪ್‌ಶೂಟರ್

ಫ್ಲ್ಯಾಟಿಗೆ ಹಸುವಿನ ಸೆಗಣಿ ಹೊತ್ತು ತಂದವನನ್ನು ನೋಡಿ, ಗಂಡನಿಗೆ ಭಕ್ತಿ ಬಂತೆಂದು ಹೆಂಡತಿ ಖುಷಿಪಟ್ಟಳು. ಪೂಜೆಗಲ್ಲ, ಬೂಷ್ಟು ಬೆಳೆಸೋಕೆ ಎಂದಮೇಲೆ ಡಬ್ಬಿಯೂ ನಾನೂ ಒಟ್ಟಿಗೇ ಬಾಲ್ಕನಿ ಪಾಲಾದೆವು.

ಬೂಷ್ಟಿನ ಹೆಸರು ಪೈಲೊಬೋಲಸ್. ತೆಳ್ಳನೆಯ ಪಾರದರ್ಶಕ ಕಾಂಡ, ತುದಿಗೆ ನೀರು ತುಂಬಿದ ಗುಳ್ಳೆ, ಗುಳ್ಳೆಯ ನೆತ್ತಿಗೆ ಬೀಜಕಣಗಳ ಕರಿಟೋಪಿ. ಗುಳ್ಳೆಯೇ ಮಸೂರ. ಅದು ಕೂಡಿಸಿದ ಬೆಳಕು ಬುಡದ ಕಿತ್ತಳೆ ಪಟ್ಟಿಯ ಮೇಲೆ ಸುತ್ತಲೂ ಸಮನಾಗಿ ಬೀಳುವ ತನಕ ಕಾಂಡ ಕತ್ತು ತಿರುಗಿಸುತ್ತದೆ. ಗುರಿ ಕೂತಿತೋ, ಗುಳ್ಳೆ ಒಡೆದು ಟೋಪಿ ಎರಡು ಮೀಟರ್‌ವರೆಗೂ ಹಾರುತ್ತದೆ. ದನ ತನ್ನ ಸೆಗಣಿಯ ಹತ್ತಿರ ಮೇಯುವುದಿಲ್ಲ ನೋಡಿ. ಟೋಪಿ ದೂರದ ಹುಲ್ಲಿಗೆ ಅಂಟಿ, ದನದ ಹೊಟ್ಟೆ ಸೇರಿ, ಮತ್ತೆ ಸೆಗಣಿಯಲ್ಲೇ ಇಳಿಯಬೇಕು.

ತಾಪತ್ರಯ ಇದ್ದದ್ದು ಹೊತ್ತಿನದು. ಇದು ಗುಂಡು ಹಾರಿಸುವುದು ಬೆಳಗಿನ ಹೊತ್ತು. ನಾನು ಎದ್ದು ಬರುವಷ್ಟರಲ್ಲಿ ಯುದ್ಧ ಮುಗಿದು ಮುಚ್ಚಳದ ತುಂಬ ಕರಿಚುಕ್ಕೆ. ಅಲಾರಂ ಇಟ್ಟೆ, ಅದರ ಬಾಯಿ ಮುಚ್ಚಿಸುವ ಕೈ ಮಾತ್ರ ನಿದ್ದೆಯಲ್ಲೂ ಚುರುಕು. ನನ್ನನ್ನು ತಿದ್ದುವುದಕ್ಕಿಂತ ಬೂಷ್ಟನ್ನು ತಿದ್ದುವುದೇ ಸುಲಭ ಅನ್ನಿಸಿತು.

ವಿಜ್ಞಾನವೂ ನನ್ನ ಪರವಾಗಿತ್ತು. ಬ್ರೆಡ್ಡಿನ ಕಿತ್ತಳೆ ಬೂಷ್ಟು ನ್ಯೂರೋಸ್ಪೋರಾದಲ್ಲಿ ನೀಲಿ ಬೆಳಕನ್ನು ಹಿಡಿಯುವುದು ವೈಟ್ ಕಾಲರ್-1 ಎಂಬ ಪ್ರೋಟೀನು. ಅದೂ ಅದರ ಜೊತೆಗಾರ ವೈಟ್ ಕಾಲರ್-2 ಕೂಡಿ ಫ್ರೀಕ್ವೆನ್ಸಿ ಎಂಬ ಇನ್ನೊಂದು ಪ್ರೋಟೀನನ್ನು ಮಾಡಿಸುತ್ತವೆ. ಅದು ಬೆಳೆದು, ಬೆಳೆಸಿದವರ ಕೈಯನ್ನೇ ಕಟ್ಟಿಹಾಕುತ್ತದೆ (ನಮ್ಮ ರಾಜಕೀಯದಲ್ಲಿ ಕಾಣದ್ದೇನಲ್ಲ). ಆಮೇಲೆ ತಾನೂ ಸವೆದುಹೋಗುತ್ತದೆ. ಮತ್ತೆ ಮೊದಲಿಂದ ಶುರು. ಇದೇ ಆ ಬೂಷ್ಟಿನ ಗಡಿಯಾರ. ಕಗ್ಗತ್ತಲಲ್ಲೂ ಒಂದು ಸುತ್ತಿಗೆ ಸುಮಾರು 22 ಗಂಟೆ. ಭೂಮಿ ತಿರುಗುವ ಸುಳಿವು ಹಿಡಿದು ನಡೆಯುತ್ತಿದೆಯೋ ಏನೋ ಎಂಬ ಗುಮಾನಿಗೆ 1983ರಲ್ಲಿ ಆ ಬೂಷ್ಟನ್ನು ಬಾಹ್ಯಾಕಾಶಕ್ಕೂ ಕಳಿಸಿದರು. ಗಡಿಯಾರ ಅಲ್ಲೂ ಓಡಿತು. ಪೈಲೊಬೋಲಸ್‌ಗೂ ಇಂಥದೊಂದು ದಿನಚರಿ ಉಂಟು. ಬೆಳಕಿನ ವೇಳೆ ಬದಲಿಸಿದರೆ ಅದೂ ಬದಲಾಗುತ್ತದೆ.

ಹೆಂಡತಿ ತವರಿಗೆ ಹೋದದ್ದೇ ತಡ, ಡಬ್ಬಿ ಮನೆಯೊಳಗೆ ಬಂತು. ಹಗಲಿಡೀ ಕಪ್ಪು ಬಟ್ಟೆ, ಸಂಜೆಯಿಂದ ಬೆಳಗಿನವರೆಗೆ ಟೇಬಲ್ ಲ್ಯಾಂಪು. ಬೂಷ್ಟು ಮರುಮಾತಾಡದೆ ನೈಟ್ ಶಿಫ್ಟಿಗೆ ಒಗ್ಗಿಕೊಂಡಿತು. ಪ್ಲಗ್ ಇದ್ದದ್ದು ಊಟದ ಮೇಜಿನ ಹತ್ತಿರವಾದ್ದರಿಂದ ಸ್ಟೂಲಿನ ಮೇಲೆ ಡಬ್ಬಿ, ಮೇಜಿನ ಮೇಲೆ ಲ್ಯಾಂಪು, ಲ್ಯಾಂಪಿನ ಆಚೆಗೆ ಊರಿಂದ ಬಂದಿದ್ದ ಅಪ್ಪ ಮತ್ತು ಅವರ ತಟ್ಟೆ. ಅಂದು ರಾತ್ರಿ ಕಾಂಡಗಳೆಲ್ಲ ದೀಪದತ್ತ ಕತ್ತು ಚಾಚಿ ಸಾಲಾಗಿ ನಿಂತಿದ್ದವು. ಫೋಟೊ ಮಸುಕು ಬರುತ್ತಿದೆಯೆಂದು ಮುಚ್ಚಳ ತೆಗೆದು ಬಗ್ಗಿದೆ. ಪಟ್! ಕನ್ನಡಕಕ್ಕೊಂದು ಬಿತ್ತು. ಒರೆಸಿದರೆ ಹೋಗದು, ಅಂಥ ಅಂಟು. ನಾನು ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಉಜ್ಜಿ ಬರುವಷ್ಟರಲ್ಲಿ ಅಪ್ಪ ಮೊಸರನ್ನ ಮುಗಿಸಿ ಬೆರಳು ನೆಕ್ಕುತ್ತಿದ್ದರು.

"ಪರವಾಗಿಲ್ಲ ಕಣೋ," ಎಂದರು. "ಒಗ್ಗರಣೆಗೆ ಸಾಸಿವೆ ಹಾಕೋದಾದ್ರೂ ಕಲ್ತಿದ್ದೀಯ."

ನಾನು ಒಗ್ಗರಣೆ ಹಾಕಿರಲಿಲ್ಲ.