ಬದುವಿಗೆ ಕಳೆನಾಶಕ ಹೊಡೆಯುವ ಮುನ್ನ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ತೋಟಗಾರ ಬಂಧುಗಳೇ,

ಭೂಮಿ ಹುಣ್ಣಿಮೆ ಹತ್ತಿರ ಬಂತು. ರಾತ್ರಿಯಿಡೀ ಬೇಯುವ ಚರಗಕ್ಕೆ ಬಗೆಬಗೆಯ ಸೊಪ್ಪು, ಕುಡಿ ಬೇಕು. ಬೆಳಗಿನ ಜಾವ ಚಿತ್ತಾರದ ಭೂಮಣ್ಣಿ ಬುಟ್ಟಿ ಹೊತ್ತು ಹೋಗಿ ಬಸುರಿ ಭೂತಾಯಿಗೆ ಬಡಿಸಬೇಕು. ಆ ಕುಡಿ ಚಿಗುರುವ ಬದುವಿಗೇ ನಾವು ಕಳೆನಾಶಕ ಹೊಡೆಯುತ್ತಿದ್ದೇವೆ. ಬಯಕೆಯೂಟ ಬಡಿಸುವ ಕೈಯಲ್ಲೇ ವಿಷ ಹಾಕುವುದು ಯಾವ ನ್ಯಾಯ?

ಕೆಳದಿಯ ರಾಮೇಶ್ವರನಿಗೆ ಏರಿಸುವ ತುಂಬೆ ಹೂವನ್ನು ಒಮ್ಮೆ ಬಗ್ಗಿ ನೋಡಿ. ಕೆಳದುಟಿ ಅಗಲ, ಬೆಳ್ಳಗೆ ಇಳಿಬಿದ್ದಿರುತ್ತದೆ. ತುಡುವೆ ಜೇನು ಅಲ್ಲಿ ಕೂತು ಒಳಗೆ ತಲೆ ತೂರಿಸಿದರೆ, ಮೇಲ್ದುಟಿಯ ಅಡಿಯಲ್ಲಿ ಅಡಗಿದ ಪರಾಗ ಅದರ ಮೈಗೆ ಮೆತ್ತಿಕೊಳ್ಳುತ್ತದೆ. ಮಳೆಗಾಲವಿಡೀ ಹೊರಗೆ ಹಾರಲಾಗದೆ ಸೊರಗಿದ ಜೇನಿಗೆ ಈಗ ಬದುವಿನ ಹೂವೇ ಊಟ. ಪಕ್ಕದಲ್ಲೇ ಸಹದೇವಿಯ ನೇರಳೆ ಹೂವಿನ ಮೇಲೆ ಪುಟ್ಟ ಚಿಟ್ಟೆಗಳು.

1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಆ ಪೆಟ್ಟು ತಿಂದ ಜೇನನ್ನು ಉಪವಾಸ ಕೆಡವಬಾರದು. ಅಡಿಕೆಯ ನಡುವೆ ಏಲಕ್ಕಿ ಬೆಳೆಯುವವರಿಗಂತೂ ಇದು ಲಾಭ-ನಷ್ಟದ ಮಾತೇ. ಏಲಕ್ಕಿ ಹೂ ಅರಳಿರುವುದು ಒಂದೇ ದಿನ. ಅಷ್ಟರಲ್ಲಿ ಜೇನು ಬರದಿದ್ದರೆ ಕಾಯಿ ಕಟ್ಟುವುದಿಲ್ಲ.

ಅಮೆರಿಕದಲ್ಲಿ ಗೋಲ್ಡನ್‌ರಾಡ್ ಎಂಬ ಹಳದಿ ಹೂವಿನ ಗಿಡವನ್ನು ಜೇನು, ಚಿಟ್ಟೆಗಳಿಗೆಂದೇ ಮನೆ ಮುಂದೆ ಬೆಳೆಸುವವರಿದ್ದಾರೆ. ಚಳಿಗಾಲಕ್ಕೆ ಮುನ್ನ ಅವಕ್ಕೆ ಅದೇ ಆಸರೆ. ಆದರೆ ಅದೇ ಗಿಡ ಯುರೋಪ್, ಚೀನಾಗಳಿಗೆ ಹೋಗಿ ಹಾವಳಿ ಎಬ್ಬಿಸಿದೆ. ಯುಪಟೋರಿಯಂ, ಲಂಟಾನ ನಮ್ಮ ಗುಡ್ಡಗಳನ್ನು ನುಂಗಿದ್ದು ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನ ಬೀಜ ತರಿಸುವುದು ಬೇಡ. ನಮ್ಮ ನೆಲದ್ದು ತಾನಾಗಿ ಹುಟ್ಟುತ್ತದೆ, ಬಿಟ್ಟರೆ ಸಾಕು.

ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೈಗೆಟುಕುವುದಿಲ್ಲ ಎನ್ನುತ್ತೀರಿ. ನಿಜ. ಇಡೀ ತೋಟ ಬಿಡಿ ಎಂದು ನಾನೂ ಕೇಳುತ್ತಿಲ್ಲ. ಒಂದು ಬದುವನ್ನಾದರೂ ತುಂಬೆ ಬೀಜ ಉದುರುವವರೆಗೆ ಮುಟ್ಟಬೇಡಿ; ಆಮೇಲೆ ಕತ್ತಿಯಲ್ಲೋ ಯಂತ್ರದಲ್ಲೋ ಸವರಿ. ಬೇಲಿಗೆ ಹಬ್ಬಿದ ಈಶ್ವರಿ ಬಳ್ಳಿಯನ್ನು ಕೀಳಬೇಡಿ: ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಹುಳು ಅದರ ಎಲೆ ತಿಂದೇ ಬೆಳೆಯುತ್ತದೆ. ಈ ಹುಣ್ಣಿಮೆಯಿಂದಲೇ ಶುರುಮಾಡಿ, ಪಕ್ಕದ ತೋಟದವರಿಗೂ ಹೇಳಿ.

ಇಂತಿ,
ಕೆಳದಿ ಸೀಮೆಯ ಒಬ್ಬ ತೋಟಗಾರ